ಹತ್ತು ಸಲ ಎಳೆದರೆ

ಜಯನಗರ, ಶನಿವಾರ

ಜಯಸಿಂಹ ಅವರಿಗೆ ನಮಸ್ಕಾರ.

ಮರ ಕೊಯ್ಯೋಕೆ ಹಳೇ ಪೆಟ್ರೋಲ್ ಚೈನ್‌ಸಾ ಮೇಲೋ, ಹೊಸ ಬ್ಯಾಟರಿದು ಮೇಲೋ ಅಂತ ನೀವೂ ನಮ್ಮ ಯಜಮಾನರೂ ವಾರವಾರ ಜಗಳ ಆಡ್ತೀರಲ್ಲ, ನನ್ನ ತೀರ್ಪು ಕೇಳಿ.

ನಮ್ಮ ಹಳೇದು ಸ್ಟಾರ್ಟ್ ಆಗೋಕೆ ಹಗ್ಗಾನ ಹತ್ತು ಸಲ ಎಳೀಬೇಕು. ಅಷ್ಟರಲ್ಲಿ ನಾನು ಒಲೆ ಆರಿಸಿ, ಹಿತ್ತಲಿಗೆ ಓಡಿ, ಇವರು ಕೊಯ್ಯೋಕೆ ಹೊರಟ ಗಿಡಕ್ಕೆ ಅಡ್ಡ ನಿಂತುಬಿಡ್ತಿದ್ದೆ. ನೀವು ಅದನ್ನ ರಿಪೇರಿಗೆ ಒಯ್ದು ನಿಮ್ಮ ಬ್ಯಾಟರಿದು ಕೊಟ್ಟಿರಿ. ಅದಕ್ಕೆ ಬಟನ್ ಒತ್ತಿದರೆ ಸಾಕು. ನಿನ್ನೆ ಒಗ್ಗರಣೆಗೆ ಕರಿಬೇವು ಕೀಳೋಕೆ ಹೋದರೆ ಗಿಡವೇ ಇಲ್ಲ! “ಬೆಣ್ಣೆ ಕೊಯ್ದ ಹಾಗೆ ಕೊಯ್ತು ಕಣೇ” ಅಂತ ಇವರು ನಗ್ತಾ ನಿಂತಿದ್ದಾರೆ.

ಬೊಡ್ಡೆ ಚಿಗುರುತ್ತೆ, ಬಿಡಿ. ಆದರೆ ಪಕ್ಕದಲ್ಲೇ ನನ್ನ ಸಂಪಿಗೆ ಇದೆ. ನಾಳೆ ತಿಂಡಿಗೆ ಬನ್ನಿ, ಕರಿಬೇವಿಲ್ಲದ ಅಕ್ಕಿರೊಟ್ಟಿ ಮಾಡಿರ್ತೀನಿ. ಬರ್ತಾ ಹಳೇದನ್ನ ತನ್ನಿ.

ದಯವಿಟ್ಟು ರಿಪೇರಿ ಮಾತ್ರ ಮಾಡಬೇಡಿ.

ಇಂತಿ,
ಚೂಡಾಮಣಿ