ಅಮ್ಮನ ನೀಲಿ

ಹನ್ನೊಂದನೇ ತಾರೀಖು, ಮಂಗಳವಾರ

ಅಕ್ಕಾ,

ನಿನ್ನ ಪತ್ರ ತಲುಪಿತು. ನೀನು ವಾಪಸು ಕಳಿಸಿದ ಆರು ಜೊತೆ ಕೈಗವಸುಗಳೂ ತಲುಪಿದವು. ಕ್ಷೇಮಸಮಾಚಾರ ಆಮೇಲೆ ಬರೆಯುತ್ತೇನೆ, ಈಗ ಸಿಟ್ಟಿನಲ್ಲಿದ್ದೇನೆ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ಮೊದಲು ಗವಸಿನ ವಿಷಯ. ಎಡಗೈಯದು ಅತ್ತೆ ಮನೆಯದು, ಬಲಗೈಯದು ತವರಿನದು ಅನ್ನೋ ಹಾಗಿದೆ ಕಣೇ, ಒಂದರ ಮುಖ ಇನ್ನೊಂದು ನೋಡಲ್ಲ ಅಂತ ಬರೆದಿದ್ದೀಯ. ಕೈಯಲ್ಲಿ ಬಣ್ಣ ಹಾಕಿದ ನೂಲಿನಲ್ಲಿ ಒಂದು ಲಡಿಯಂತೆ ಇನ್ನೊಂದು ಇರುವುದಿಲ್ಲ ಎಂದು ಎಷ್ಟು ಸಲ ಹೇಳಲಿ? ಅದಕ್ಕೇ ನಾನು ಎರಡು ಲಡಿ ಜೊತೆಗಿಟ್ಟುಕೊಂಡು ಎರಡು ಸುತ್ತು ಇದರಿಂದ, ಎರಡು ಸುತ್ತು ಅದರಿಂದ ಹೆಣೆಯುವುದು. ಆಗ ಎರಡೂ ಕೈಯಲ್ಲಿ ಎರಡೂ ಲಡಿ ಬೆರೆತು ಜೊತೆ ಒಪ್ಪುತ್ತದೆ. ಆದರೆ ನೀನು ಬೇಗ ಬೇಗ ಎಂದು ದಿನಕ್ಕೆ ಮೂರು ಸಲ ಪ್ರಾಣ ತಿಂದೆ. ಬೇಗ ಬೇಕೆಂದರೆ ಲಡಿಗೊಂದು ಕೈ. ಹಾಗೇ ಮಾಡಿದೆ. ತಪ್ಪು ನನ್ನದೇ, ಒಪ್ಪಿದೆ. ಆದರೆ ಆ ಗವಸಿನ ವಿನ್ಯಾಸ ಬದಲಿಸಿದ್ದು ನಿನಗೆ ಕಾಣಲೇ ಇಲ್ಲವಲ್ಲ! ಸೂಜಿಯ ಮೇಲೆ ನಲವತ್ತು ಕುಣಿಕೆ ಹಾಕಿದರೆ ಕಡುಬಣ್ಣವೆಲ್ಲ ಒಂದೇ ಕಡೆ ಸೇರಿ ಅಂಗೈಗೆ ಮಸಿ ಒರೆಸಿದ ಹಾಗೆ ಕಾಣುತ್ತಿತ್ತು. ನಾಲ್ಕು ಸಲ ಬಿಚ್ಚಿ ನಲವತ್ತಮೂರಕ್ಕೆ ಬಂದು ನಿಂತೆ. ಅದರ ಬಗ್ಗೆ ಒಂದು ಸಾಲೂ ಇಲ್ಲ.

ಇರಲಿ. ನನ್ನನ್ನು ನಿಜಕ್ಕೂ ಉರಿಸಿದ್ದು ಪತ್ರದ ಎರಡನೇ ಪುಟ. ಅಮ್ಮ ಕೊನೆಯ ವರ್ಷ ಹಾಕಿದ ನೀಲಿಯಲ್ಲೇ ಅರವತ್ತು ಜೊತೆ ಬೇಕೆಂದು ನೀನು ನಮ್ಮ ಗವಸು ಹಾಕುವ ಅಂಗಡಿಯವಳು ಕೇಳಿದಳಂತೆ, ನೀನು ಗೋಣು ಆಡಿಸಿ ಬಂದೆಯಂತೆ. ಬಣ್ಣ ನಿನ್ನ ಕೈಗೆ ಹತ್ತಲ್ಲ ಕಣೇ, ನೀನು ಹೆಣೆದುಕೊಂಡಿರು ಸಾಕು, ಭಾನುವಾರ ಗಾಡಿ ಕಳಿಸ್ತೀನಿ, ಹಂಡೆ ತಕ್ಕಡಿ ಎಲ್ಲ ಕಟ್ಟಿಡು, ಕಾರ್ಖಾನೆಯವನು ಯಂತ್ರದಲ್ಲಿ ಅದ್ದಿಕೊಡ್ತಾನೆ ಅಂತ ನಿನ್ನ ಅಪ್ಪಣೆ ಬೇರೆ.

ಹಂಡೆ ಹೋದರೆ ಈ ಹಿಂದಿನ ಕೋಣೆಯಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸಿದೆಯಾ? ಅಮ್ಮ ಹೋಗಿ ನಾಲ್ಕು ತಿಂಗಳು. ಬೆಳಗ್ಗೆ ಎದ್ದು ಒಲೆ ಹಚ್ಚಿ ಹಂಡೆ ಇಟ್ಟರೆ ಮಾತ್ರ ನನಗೆ ದಿನ ಶುರುವಾಗುತ್ತದೆ. ನೀರಿಗೆ ವಿನೆಗರ್ ಬಿದ್ದು ಆ ಹುಳಿ ವಾಸನೆ ಮೂಗಿಗೆ ಬಡಿದರೆ, ಅವಳು ಪಕ್ಕದಲ್ಲೇ ನಿಂತು ಬೈಯುತ್ತಿದ್ದಾಳೆ ಅನಿಸುತ್ತದೆ. ಅಷ್ಟು ಹೊತ್ತಾದರೂ ನನಗೆ ಬೇಕು. ಹಂಡೆ ಕೊಡುವುದಿಲ್ಲ.

ಆ ನೀಲಿಗಾಗಿ ಒಂಬತ್ತು ಸಲ ಹೆಣಗಿದ್ದೇನೆ. ಒಂಬತ್ತೂ ಹಾಳು. ಹಗ್ಗದ ಮೇಲೆ ಒಣಗುತ್ತಿದ್ದ ಹಸಿರು ಹಸಿರು ಲಡಿಗಳನ್ನು ನೋಡಿ ಪಕ್ಕದ ಮನೆಯ ದರ್ಜಿ, ಏನಮ್ಮಾ ಗಿಳಿ ಸಾಕ್ತಿದ್ದೀರಾ ಅಂತ ಕೇಳಿದ. ಯಾಕೆ ಹೀಗಾಗುತ್ತಿದೆ ಎಂದು ನಿನಗೆ ಹೇಳಬಾರದು ಎಂದಿದ್ದೆ. ಹೇಳಿಸಿಯೇ ಬಿಟ್ಟೆ ನೀನು.

ಕೊನೆಯ ವರ್ಷ ಅಮ್ಮನಿಗೆ ಬಣ್ಣವೇ ಕಾಣುತ್ತಿರಲಿಲ್ಲ. ಕಣ್ಣು ಸ್ವಲ್ಪ ಮಂಜಾಗಿದೆ ಎಂದಷ್ಟೇ ನಿನಗೆ ಗೊತ್ತಿದ್ದದ್ದು. ನೀಲಿ ಡಬ್ಬಿ ಎಂದುಕೊಂಡು ಹಳದಿ ಡಬ್ಬಿ ತೆಗೆಯುತ್ತಿದ್ದಳು. ಮಧ್ಯಾಹ್ನವೆಲ್ಲ ಸೊಂಟ ಹಿಡಿದುಕೊಂಡು ಅದ್ದಿ, ಹಗ್ಗಕ್ಕೆ ಹಾಕಿ, ಹೇಗೆ ಬಂದಿದೆಯೇ ನೀಲಿ ಅಂತ ಕೇಳುತ್ತಿದ್ದಳು. ಎದುರಿಗೆ ನಿಂಬೆಹಣ್ಣಿನಂಥ ಹಳದಿ. ಮೊದಲ ದಿನವೇ ನಿಜ ಹೇಳಬಹುದಿತ್ತು. ಚೆನ್ನಾಗಿ ಬಂದಿದೆಯಮ್ಮಾ ಎಂದುಬಿಟ್ಟೆ. ಆಮೇಲೆ ಹಿಂದೆ ಸರಿಯಲು ದಾರಿಯಿರಲಿಲ್ಲ. ಮರುದಿನ ಅವಳು ಏಳುವ ಮುಂಚೆ ಅದೇ ಲಡಿಗಳನ್ನು ನೀಲಿಯಲ್ಲಿ ಅದ್ದಿ ಅದೇ ಸಾಲಿನಲ್ಲಿ ಹಾಕುತ್ತಿದ್ದೆ. ಇನ್ನೂ ಒದ್ದೆ ಇದೆಯಲ್ಲೇ ಅಂದರೆ, ಇಬ್ಬನಿ ಅಮ್ಮಾ ಎನ್ನುತ್ತಿದ್ದೆ.

ನಿನ್ನ ಅಂಗಡಿಯವಳು ಮೆಚ್ಚಿದ ನೀಲಿ ಅದೇ. ಅಮ್ಮನ ತಪ್ಪು, ನನ್ನ ಸುಳ್ಳು, ಎರಡೂ ಸೇರಿದ್ದು.

ಅಮ್ಮ ಹೋದ ದಿನ ನೀನು ಬಂದವರಿಗೆಲ್ಲ, ಕಣ್ಣು ಮಂಜಾದ ಮೇಲೇ ನಮ್ಮಮ್ಮನ ಕೈಗೆ ನಿಜವಾದ ಬಣ್ಣ ಬಂತು ಅಂತ ಹೇಳಿಕೊಂಡು ಅತ್ತೆ. ಆ ಹೆಸರನ್ನು ಅಮ್ಮನಿಂದ ಹೇಗೆ ಕಿತ್ತುಕೊಳ್ಳಲಿ?

ಈಗ ಗೊತ್ತಾಯಿತಲ್ಲ. ಆ ಯಂತ್ರದವನಿಗೆ ಹೇಳು ನೋಡೋಣ, ಮೊದಲು ತಪ್ಪು ಮಾಡಿ ಆಮೇಲೆ ಸುಳ್ಳು ಹೇಳಪ್ಪಾ ಅಂತ. ಅರವತ್ತು ಜೊತೆ ಆಗುವುದಿಲ್ಲ ಎಂದು ಅಂಗಡಿಯವಳಿಗೆ ನೀನೇ ಹೇಳಬೇಕು, ಗೋಣು ನಿನ್ನದು. ಗಾಡಿ ಕಳಿಸಿದರೆ ಬಾಗಿಲು ತೆಗೆಯುವುದಿಲ್ಲ.

ಭಾವನ ಮೊಣಕಾಲು ನೋವು ಹೇಗಿದೆ? ಅವರ ಕಿವಿಪಟ್ಟಿ ಮುಗಿದಿದೆ, ಬೂದು ಬಣ್ಣದ್ದು. ಅದಕ್ಕಾದರೂ ಕೊಂಕು ತೆಗೆಯಬೇಡ.

ಸಿಟ್ಟು ಇಳಿಯದ, ಆದರೂ ನಿನ್ನವಳೇ ಆದ
ತಂಗಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಮೂಲೆಯ ಬಣ್ಣದಂಗಡಿಗೆ ಹೋಗಿದ್ದೆ. ಹಳದಿ ಕೇಳಿದೆ. ಅಂಗಡಿಯ ಅಜ್ಜ, ಪೂರ್ತಿ ಪೊಟ್ಟಣವಾ, ನಿಮ್ಮಮ್ಮನ ಹಾಗೆ ಅರ್ಧವಾ ಎಂದರು. ಕಳೆದ ವರ್ಷವೆಲ್ಲ ಅಮ್ಮ ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋಗಿ, ಹಳದಿ ಎಂದು ಬಾಯಿಬಿಟ್ಟು ಕೇಳಿಯೇ ಒಯ್ಯುತ್ತಿದ್ದಳಂತೆ. ಅರ್ಧ ಸಾಕು, ಹೇಗಿದ್ರೂ ಕಿರಿಯವಳು ಬೆಳಗ್ಗೆ ಎದ್ದು ಇನ್ನೊಂದು ಸಲ ಅದ್ದುತ್ತಾಳೆ, ನಂಗೊತ್ತಿಲ್ಲ ಅಂದ್ಕೊಂಡಿದ್ದಾಳೆ ಪಾಪ, ಹೇಳ್ಬೇಡಿ ಅಂತ ನಗುತ್ತಿದ್ದಳಂತೆ. ಮೊದಲ ದಿನದ್ದು ತಪ್ಪೇ ಇರಬಹುದು. ಆಮೇಲಿನದೆಲ್ಲ ನನ್ನ ಸುಳ್ಳಿಗೆ ಅವಳು ಅಳತೆ ಮಾಡಿ ಬಿಟ್ಟ ಜಾಗ.

ಒಂಬತ್ತು ಸಲವೂ ನಾನು ಹಳದಿ ಪೂರ್ತಿ ಪೊಟ್ಟಣ ಹಾಕಿದ್ದೆ. ಮನೆಗೆ ಬಂದು ಅರ್ಧ ಹಾಕಿ ನೋಡಿದೆ. ಹತ್ತಿರ ಬಂತು, ಪೂರ್ತಿ ಬರಲಿಲ್ಲ. ನಾನು ಅದ್ದಿದರೆ ಲಡಿ ಎಲ್ಲ ಕಡೆ ಒಂದೇ ಸಮ. ಅವಳದು ಕಣ್ಣು ಕಾಣದೆ ಅಲ್ಲಲ್ಲಿ ಹಳದಿ ಹತ್ತದೆ ಬಿಟ್ಟುಹೋಗುತ್ತಿತ್ತು. ಮೊದಲ ಸಲ ಅದ್ದುವುದಕ್ಕೆ ಬಣ್ಣದ ಗಂಧಗಾಳಿಯೂ ಇಲ್ಲದ ಕೈ ಬೇಕು. ಅಂಗಡಿಯವಳಿಗೆ ಸದ್ಯ ಏನೂ ಹೇಳಬೇಡ. ಭಾನುವಾರ ಗಾಡಿಯ ಬದಲು ನೀನೇ ಬಾ. ಕನ್ನಡಕ ಮನೆಯಲ್ಲೇ ಬಿಟ್ಟು ಬಾ.