ಕಾರನ್ನು ಆದಷ್ಟು ತಗ್ಗಿಸು

ತಮ್ಮಾ,

ನಿನ್ನ ಭಾವ ನಾಳೆ ತಮ್ಮ ಸ್ಪೋರ್ಟ್ಸ್ ಕಾರನ್ನು ನಿನ್ನ ಗ್ಯಾರೇಜಿಗೆ ತರುತ್ತಾರೆ. ಗಿಡ್ಡ ಸ್ಪ್ರಿಂಗು, ಬಿಗಿ ಶಾಕ್ ಅಬ್ಸಾರ್ಬರ್ ಹಾಕಿ ಕಾರನ್ನು ಆದಷ್ಟು ತಗ್ಗಿಸು. ಅವರು ಹಿಂಜರಿದರೆ, "ಮೆತ್ತನೆಯದು ಮುದುಕರಿಗೆ, ಬಿಗಿಯಾದದ್ದು ಗಂಡಸರಿಗೆ, ಭಾವ" ಅನ್ನು, ಉಬ್ಬಿಹೋಗುತ್ತಾರೆ.

ಈಗ ಆ ಕಾರು ನಮ್ಮ ಗೇಟಿನೆದುರಿನ ರಸ್ತೆಯುಬ್ಬನ್ನು ಬೆಕ್ಕಿನಂತೆ ಸದ್ದಿಲ್ಲದೆ ದಾಟುತ್ತದೆ. ಮೊನ್ನೆ ನನಗೆ ತಿಳಿಯುವಷ್ಟರಲ್ಲಿ ಅವರು ಬೆಲ್ಟು ಬಿಚ್ಚಿಕೊಂಡು ಅಡುಗೆಮನೆಯಲ್ಲಿದ್ದರು. ಎರಡು ಹಲ್ಲು ಹೋದವು, ಬಲಗೈ ಮುರಿಯಿತು. ಇದು ಎಡಗೈ ಬರಹ, ನಗಬೇಡ.

ತಗ್ಗಿದ ಕಾರಿನ ಹೊಟ್ಟೆ ಆ ಉಬ್ಬಿಗೆ ಕರ್ರೆಂದು ಉಜ್ಜಿದರೆ, ಮಗಳನ್ನು ಎಳೆದುಕೊಂಡು ಹೋಗಿ ಕೋಣೆಯ ಅಗುಳಿ ಹಾಕಲು ಸಮಯ ಸಿಗುತ್ತದೆ. ಅವಳ ಪರೀಕ್ಷೆ ಮುಗಿದ ದಿನವೇ ನಿನ್ನ ಮನೆಗೆ ಬರುತ್ತೇವೆ.

ಬಿಚ್ಚಿದ ಹಳೆಯ ಶಾಕ್ ಅಬ್ಸಾರ್ಬರ್ ಒಂದನ್ನು ನನಗೆ ಕಳಿಸು. ಅಗುಳಿ ಮುರಿದರೆ ಬೇಕಾಗುತ್ತದೆ. ಎಡಗೈಯಲ್ಲಿ ಬೀಸುವಂತಿರಲಿ.

ನಿನ್ನ ಅಕ್ಕ