ಒಂದು, ಎರಡು ಎಂದಿಟ್ಟ ಹೆಸರು

ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೇನೆ, ಬೈದುಕೋ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು. ಬರೆಯಲು ಕೂತರೆ ಇರುವುದನ್ನೆಲ್ಲ ಬರೆಯಬೇಕಾಗುತ್ತದೆ ಎಂದು ಮುಂದೂಡಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಅರ್ಧಕ್ಕೇ "ಹೋಗ್ಲಿ ಬಿಡೇ" ಅಂದುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೆ ಓದುತ್ತೀಯ. ಭಾವನ ಮೊಣಕಾಲು ನೋವು ಈಗ ಹೇಗಿದೆ? ಪುಟ್ಟಿಗೆ ಬಿದ್ದ ಹಲ್ಲು ಮತ್ತೆ ಬಂತೇ?

ನಾನು ಚೆನ್ನಾಗಿದ್ದೇನೆ. ಹೊಟ್ಟೆಕಿಚ್ಚೊಂದು ಬಿಟ್ಟರೆ ಬೇರೆ ಕಾಯಿಲೆಯಿಲ್ಲ.

ಆಫೀಸಿಗೆ ಹೊಸ ಹುಡುಗಿ ಬಂದಿದ್ದಾಳೆ. ನನ್ನದೇ ವಯಸ್ಸು, ಕಂಪ್ಯೂಟರ್ ಓದಿ ದೊಡ್ಡ ಪದವಿ ಪಡೆದವಳು. ಅವಳ ಬಟ್ಟೆಯಲ್ಲಿ ಒಂದು ಸುಕ್ಕೂ ಇರುವುದಿಲ್ಲ. ನಾನು 'ಇಸ್ತ್ರಿ' ಎಂದು ಅಡ್ಡಹೆಸರಿಟ್ಟೆ, ವಾರದೊಳಗೆ ಎಲ್ಲರ ಬಾಯಲ್ಲೂ ಅದೇ. ಅವಳಿಗೂ ಗೊತ್ತು, ಕೇಳಿ ನಗುತ್ತಾಳೆ. ಅದಕ್ಕೂ ನನಗೆ ಉರಿ.

ನನ್ನ ಕೆಲಸ ಏನೆಂದು ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ರಕ್ತಪರೀಕ್ಷೆಯ ಯಂತ್ರ ಆಸ್ಪತ್ರೆಯ ನೆಲಮಾಳಿಗೆಯಲ್ಲಿರುತ್ತದೆ, ರೋಗಿ ಮೇಲಿನ ವಾರ್ಡಿನಲ್ಲಿ. ರಿಪೋರ್ಟು ತಂತಿಯಲ್ಲಿ ಮೇಲಕ್ಕೆ ಹೋಗಬೇಕು. ತಂತಿಯಲ್ಲಿ ಅಕ್ಷರ ಹೋಗುವುದಿಲ್ಲ, ಸಂಖ್ಯೆ ಹೋಗುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿಗೆ ಎನ್‌ಕೋಡಿಂಗ್ ಎನ್ನುತ್ತಾರೆ. ಯಂತ್ರದ್ದು ಒಂದು ಹಳೆಯ ಪಟ್ಟಿ, ವಾರ್ಡಿನ ಕಂಪ್ಯೂಟರಿನದು ಇನ್ನೊಂದು. ಮೊದಲನೆಯದರಲ್ಲಿ ಬಂದದ್ದನ್ನು ಎರಡನೆಯದಕ್ಕೆ ಬದಲಿಸಿ ಕಳುಹಿಸುವ ಪ್ರೋಗ್ರಾಮು ನಾನು ಬರೆದದ್ದು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಒಬ್ಬಳೇ, ಎಂಟು ತಿಂಗಳು ಕೂತು ಬರೆದೆ. ಈಗ ಅದನ್ನು ಇನ್ನೂ ಆರು ಆಸ್ಪತ್ರೆಗಳಿಗೆ ಹಾಕಬೇಕು. ಅದರ ಹೊಣೆ ಒಬ್ಬರಿಗೆ ವಹಿಸುತ್ತೇನೆ ಎಂದು ಸಾರ್ ಹೇಳಿದ್ದರು. ಸಾರ್ ಅಂದರೆ ನಮ್ಮ ತಂಡದ ಮುಖ್ಯಸ್ಥರು, ಮಾರ್ಕ್ಸ್ ಕಾರ್ಡು ಕೇಳದೆ ನನಗೆ ಕೆಲಸ ಕೊಟ್ಟವರು. ಆ ಹೊಣೆ ನನಗೇ ಎಂದುಕೊಂಡಿದ್ದೆ. ಸಿಕ್ಕಿದ್ದರೆ ಅಪ್ಪನ ಮುಂದೆ ಹೇಳಿಕೊಳ್ಳಲು ಒಂದು ಮಾತಾಗುತ್ತಿತ್ತು.

ಯಂತ್ರದ ಪಟ್ಟಿ ಯಾವುದು, ವಾರ್ಡಿನ ಪಟ್ಟಿ ಯಾವುದು ಎಂದು ಪ್ರೋಗ್ರಾಮಿಗೆ ತಿಳಿಸಲು ಎರಡು ಹೆಸರು ಬೇಕು. ಅವನ್ನು ಇಂಗ್ಲಿಷಿನಲ್ಲಿ ಬರೆಯುತ್ತೇವೆ, ನಿನಗೆ ನಮ್ಮ ಮಾತಿನಲ್ಲೇ ಹೇಳುತ್ತೇನೆ. ನಾನು 'ಎನ್‌ಕೋಡಿಂಗ್ ಒಂದು', 'ಎನ್‌ಕೋಡಿಂಗ್ ಎರಡು' ಎಂದಿಟ್ಟಿದ್ದೆ. ಇಸ್ತ್ರಿ ಬಂದ ನಾಲ್ಕನೇ ದಿನ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡಳು.

"ಇದ್ರಲ್ಲಿ ಒಂದು ಯಾವ್ದು, ಎರಡು ಯಾವ್ದು?"

"ಒಂದು ಯಂತ್ರದ್ದು. ಎರಡು ವಾರ್ಡಿಂದು."

"ಅದು ನಿಮಗೆ ಗೊತ್ತು. ಓದೋರಿಗೆ ಹೇಗೆ ಗೊತ್ತಾಗ್ಬೇಕು?"

"ಈಗ ಗೊತ್ತಾಯ್ತಲ್ಲ."

ಅವಳು ಅವನ್ನು 'ಯಂತ್ರದಿಂದ ಬರುವ ಎನ್‌ಕೋಡಿಂಗ್', 'ವಾರ್ಡಿಗೆ ಹೋಗುವ ಎನ್‌ಕೋಡಿಂಗ್' ಎಂದು ಬದಲಿಸಿ ನನಗೆ ಕಳುಹಿಸಿದಳು. ನಮ್ಮಲ್ಲಿ ಒಬ್ಬರು ಮಾಡಿದ ಬದಲಾವಣೆಯನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಪ್ರೋಗ್ರಾಮಿನ ಒಳಗೆ ಹೋಗುವುದು. ಓದಿದ ಕೂಡಲೇ ಅದೇ ಸರಿ ಎಂದು ಗೊತ್ತಾಯಿತು ಅಕ್ಕ, ಕಷ್ಟವಾದದ್ದೇ ಅದು. ಹೆಸರು ಉದ್ದವಾಯಿತು ಎಂದು ಹಿಂದಿರುಗಿಸಿದೆ. ಚಿಕ್ಕದು ಮಾಡಿ ಕಳುಹಿಸಿದಳು. ಅವಸರದ ಕೆಲಸವಿದೆ, ಈಗ ಬೇಡ ಎಂದು ಬರೆದೆ. ಮೂರನೇ ಸಲ ಕಾರಣವನ್ನೇ ಕೊಡಲಿಲ್ಲ. ಊಟದ ಕೋಣೆಯಲ್ಲಿ ಸಾರ್ ಅವಳೆದುರು ಕೂತರೆ ನಾನು ಡಬ್ಬಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗುತ್ತಿದ್ದೆ, ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟು.

ಕಳೆದ ಸೋಮವಾರ ಹೊಸದೊಂದು ಯಂತ್ರವನ್ನು ಸೇರಿಸಬೇಕಿತ್ತು. ನಾನೇ ಬರೆದೆ, ಬರೆಯುವಾಗ ಒಂದರ ಜಾಗಕ್ಕೆ ವಾರ್ಡಿನ ಪಟ್ಟಿ, ಎರಡರ ಜಾಗಕ್ಕೆ ಯಂತ್ರದ ಪಟ್ಟಿ ಕೊಟ್ಟುಬಿಟ್ಟೆ. ನಾನೇ ಇಟ್ಟ ಹೆಸರು ನನಗೇ ಅದಲುಬದಲಾಯಿತು. ಪಕ್ಕದ ಮೇಜಿನವನು ಓದಿ ಒಪ್ಪಿದ. ಒಂದು, ಎರಡು ಎಂದಷ್ಟೇ ಇದ್ದರೆ ಅವನಿಗೆ ತಾನೆ ಏನು ತಿಳಿದೀತು? ನಾನು ಪರೀಕ್ಷೆಗೆಂದು ಹಾಕಿ ನೋಡಿದ ರೋಗಿಗಳ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದವು. ಆ ಅಕ್ಷರಗಳಿಗೂ ಅಂಕಿಗಳಿಗೂ ಎರಡು ಪಟ್ಟಿಯಲ್ಲೂ ಒಂದೇ ಸಂಖ್ಯೆ, ಹಾಗಾಗಿ ಎಲ್ಲ ಸರಿಯಾಗಿಯೇ ಕಂಡಿತು. ಕನ್ನಡದಲ್ಲಿ ಬರೆದ ಹೆಸರು ಬಂದರೆ ಮಾತ್ರ ಕೆಡುತ್ತಿತ್ತು.

ಮಂಗಳವಾರ ಬೆಳಿಗ್ಗೆ ವಾರ್ಡಿನ ನರ್ಸ್ ಫೋನ್ ಮಾಡಿದರು. "ಏನಮ್ಮಾ ಇದು, ಎರಡು ರಿಪೋರ್ಟ್ ಬಂದಿದೆ, ಹೆಸರಿರೋ ಕಡೆ ಬರೀ ಪ್ರಶ್ನೆ ಗುರುತು. ಯಾರ ರಕ್ತ ಅಂತ ನಾನು ಮೂಸಿ ನೋಡ್ಲಾ?" ಪುಣ್ಯಕ್ಕೆ ಅವರು ಎರಡನ್ನೂ ಬದಿಗಿಟ್ಟು, ತಾವೇ ನೆಲಮಾಳಿಗೆಗೆ ಇಳಿದು ಕೇಳಿಕೊಂಡು ಬಂದಿದ್ದರು.

ಸಾರ್ ನೇರವಾಗಿ ಇಸ್ತ್ರಿಯ ಹತ್ತಿರ ಹೋದರು. ಒಂದು, ಎರಡು ಎಂಬ ಹೆಸರುಗಳ ಹಿಂದೆ ಬಿದ್ದವಳು ಅವಳೆಂದು ಅವರಿಗೆ ಗೊತ್ತಿತ್ತು.

"ಹೆಸರು ಬದಲಿಸೋಕೆ ಹೋಗಿ ಏನೋ ಕೆಡಿಸಿದೀರಿ ಅಲ್ವಾ?"

ಅವಳ ಕಿವಿ ಕೆಂಪಾಯಿತು. "ನಂದು ಇನ್ನೂ ಒಳಗೇ ಹೋಗಿಲ್ಲ ಸಾರ್" ಎಂದಳು. ತಡೆದವರು ಯಾರೆಂದು ಹೇಳಲಿಲ್ಲ. ನಾನು ನೀರು ಕುಡಿಯುತ್ತಿದ್ದೆ. ಲೋಟ ಖಾಲಿಯಾಗುವವರೆಗೆ ಕುಡಿದೆ. ಅಷ್ಟು ಹೊತ್ತೂ ತಪ್ಪು ಅವಳ ತಲೆಯ ಮೇಲಿತ್ತು, ನನಗೆ ಹಿತವಾಗಿತ್ತು. ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಬರೆಯಲಾರೆ.

ಆಮೇಲೆ ಎದ್ದು ಹೋಗಿ ಹೇಳಿದೆ. "ಕೆಡಿಸಿದ್ದು ನಾನು ಸಾರ್. ಅವರದ್ದನ್ನ ಮೂರು ಸಲ ತಡೆದಿದ್ದೂ ನಾನೇ."

"ಯಾಕೆ?"

"ಹೊಟ್ಟೆಕಿಚ್ಚಿಗೆ."

ಪಕ್ಕದ ಮೇಜಿನವನು ಕೆಮ್ಮಿದ. ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ನೆಟ್ಟಗೆ ಹೇಳಿದ್ರೆ ಬೈಯೋದಾದ್ರೂ ಹೇಗಮ್ಮಾ" ಎಂದರು. ಬೈಯಲಿಲ್ಲ. ಆರು ಆಸ್ಪತ್ರೆಗಳ ಹೊಣೆಯನ್ನು ಮಾತ್ರ ಅವಳಿಗೆ ಕೊಟ್ಟರು. ಅವಳ ಹೆಸರುಗಳಿಗೆ ಒಪ್ಪಿಗೆ ಒತ್ತಿದವಳು ನಾನೇ.

ಸಂಜೆ ಅವಳು ಮೆಟ್ಟಿಲ ಮೇಲೆ ನನಗಾಗಿ ಕಾದಿದ್ದಳು. "ನೀವು ಬರೆದಿದ್ದು ಪೂರ್ತಿ ಓದ್ದೆ ಕಣ್ರೀ. ಹಾಗೆ ಒಬ್ಬಳೇ ಬರೆಯೋಕೆ ನಂಗೆ ಬರಲ್ಲ. ಜೊತೆಗಿರ್ತೀರಾ?"

"ಇರ್ತೀನಿ. ಆದ್ರೆ ಇನ್ನೂ ಸ್ವಲ್ಪ ದಿನ ನಿಮ್ಮ ಮೇಲೆ ಉರಿ ಇರುತ್ತೆ."

"ಪರ್ವಾಗಿಲ್ಲ, ಇಸ್ತ್ರಿಗೆ ಬಿಸಿ ಬೇಕಲ್ಲ" ಎಂದಳು. ಇಬ್ಬರೂ ನಕ್ಕೆವು. ನಕ್ಕರೆ ಉರಿ ಕಡಿಮೆಯಾಗುತ್ತದೆ ಎಂದುಕೊಂಡೆ. ಆಗಿಲ್ಲ. ಅವಳು ಒಳ್ಳೆಯವಳಾಗಿರದಿದ್ದರೆ ಎಷ್ಟು ಸುಲಭವಿತ್ತು.

ಭಾವನಿಗೆ ಮೆಟ್ಟಿಲು ಹತ್ತಬೇಡಿ ಎಂದು ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಲೆಕ್ಕದಲ್ಲಿ ಮುತ್ತು ಕೊಡು. ನಿಮ್ಮ ಮೂವರಿಗೂ ಮೈ ಗಟ್ಟಿಯಾಗಿರಲಿ, ಮನೆ ತಣ್ಣಗಿರಲಿ.

ನಿನ್ನ
ತಂಗಿ

ಮಡಚಿದ ಕಾಗದವನ್ನು ಮತ್ತೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಬುಧವಾರ ಅಪ್ಪನಿಗೆ ಫೋನ್ ಮಾಡಿದ್ದೆ. ಸ್ಕೂಲು ಬಿಟ್ಟ ಮೇಲೆ ನನ್ನ ಕೆಲಸದ ಬಗ್ಗೆ ಒಂದು ದಿನವೂ ಕೇಳಿದವರಲ್ಲ, ಅಂದು ಯಾಕೋ ಕೇಳಿದರು. ಆ ಎರಡು ಹೆಸರಿನ ಕಥೆ ಹೇಳಿದೆ. ಹೊಸ ಹೆಸರು ಹೊಳೆದದ್ದು ನನಗೆ ಎಂದುಬಿಟ್ಟೆ. "ಅಚ್ಚುಕಟ್ಟಾಗಿದೆ ಮಗಳೇ" ಎಂದರು. ಮಗಳೇ ಎಂದು ಕರೆದು ಏಳು ವರ್ಷವಾಗಿತ್ತು. ಎರಡು ದಿನ ಆ ಮಾತನ್ನು ಇಟ್ಟುಕೊಂಡಿದ್ದೆ, ಆಮೇಲೆ ಆಗಲಿಲ್ಲ. ಶುಕ್ರವಾರ ಮತ್ತೆ ಫೋನ್ ಮಾಡಿ, ಅದು ನನ್ನದಲ್ಲ, ಆಫೀಸಿನ ಹುಡುಗಿಯದು ಎಂದು ಹೇಳಿದೆ. ಸುಳ್ಳು ಹೇಳಿದ್ದಕ್ಕೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ ಅಕ್ಕ. "ಆ ಹುಡುಗಿ ಎಲ್ಲೀವರೆಗೆ ಓದಿದಾಳೆ?" ಎಂದು ಕೇಳಿದರು.